ಕಸದ ಲಾರಿಯ ಭಾರ ರಸ್ತೆಗೆ, ರಸ್ತೆಯ ಖರ್ಚು ನಮಗೆ

ರಸ್ತೆ ಹಾಳಾದರೆ ನಾವು ಮೊದಲು ಬೈಯುವುದು ಮಳೆಗೆ. ಆಮೇಲೆ ಗುತ್ತಿಗೆದಾರರಿಗೆ, ಕೊನೆಗೆ ವಾರ್ಡಿನ ಸದಸ್ಯರಿಗೆ. ಮೂವರಿಗೂ ಅದರಲ್ಲಿ ಪಾಲು ಉಂಟು, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಾಲ್ಕನೆಯದೊಂದು ಪಾಲು ಉಂಟು, ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಅದು ನಮ್ಮ ಅಡುಗೆ ಮನೆಯ ಮೂಲೆಯಲ್ಲಿರುವ ಕಸದ ಬಕೆಟ್. ಆ ಬಕೆಟಿನ ಭಾರ ಗೇಟಿನವರೆಗೆ ನಮ್ಮ ಕೈಗೆ ಗೊತ್ತಾಗುತ್ತದೆ. ಗಾಡಿಗೆ ಹಾಕಿದ ಮೇಲೆ ನಮಗೆ ಮರೆತು ಹೋಗುತ್ತದೆ. ರಸ್ತೆಗೆ ಮಾತ್ರ ಮರೆಯುವುದಿಲ್ಲ.

ಕಸ ಎಲ್ಲಿ ಬಿಸಾಡಬೇಕು, ಎಲ್ಲಿ ಬಿಸಾಡಬಾರದು ಎಂಬುದರ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಕಸ ಎಷ್ಟು ತೂಕ, ಆ ತೂಕ ಯಾವ ರಸ್ತೆಯ ಮೇಲೆ ಹೋಗುತ್ತದೆ, ಆ ರಸ್ತೆ ರಿಪೇರಿಯ ಹಣ ಯಾರ ಕಿಸೆಯಿಂದ ಬರುತ್ತದೆ ಎಂಬ ಮಾತು ನಮ್ಮ ಮಹಲ್ಲಾದ ಸಭೆಗಳಲ್ಲಿ ಬಂದದ್ದು ನಾನು ಕೇಳಿಲ್ಲ. ಈ ವಾರ ಅದನ್ನೇ ಮಾತಾಡುವ.

ರಸ್ತೆ ಸವೆಯುವುದಕ್ಕೆ ಒಂದು ಲೆಕ್ಕ ಉಂಟು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಹತ್ತಿರ ಒಂದು ದೊಡ್ಡ ಪರೀಕ್ಷೆ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಬೇರೆ ಬೇರೆ ಭಾರದ ಲಾರಿಗಳನ್ನು ಎರಡು ವರ್ಷ ಓಡಿಸಿದರು. ಲಾರಿ ಓಡಿಸಿದವರು ಸೈನಿಕರು. ಆ ಪರೀಕ್ಷೆಯಿಂದ ಹೊರಟ ನಿಯಮವನ್ನು ಇಂಜಿನಿಯರುಗಳು ಇಂದಿಗೂ ಬಳಸುತ್ತಾರೆ: ಚಕ್ರದ ಆ್ಯಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಭಾರವನ್ನು ಅದರಿಂದಲೇ ನಾಲ್ಕು ಸಲ ಗುಣಿಸಬೇಕು ಅಂತ ಅರ್ಥ.

ಮದ್ರಸದ ದೊಡ್ಡ ಮಕ್ಕಳಿಗೆ ನಾನು ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಎರಡೆರಡಲ ನಾಲ್ಕು, ನಾಲ್ಕೆರಡಲ ಎಂಟು, ಎಂಟೆರಡಲ ಹದಿನಾರು. ಮೂರು ಪಟ್ಟಾದರೆ ಎಂಬತ್ತೊಂದು. ಹತ್ತು ಪಟ್ಟಾದರೆ ಹತ್ತು ಸಾವಿರ. "ಉಸ್ತಾದ್, ಹಾಗಾದ್ರೆ ನಮ್ಮ ಸೈಕಲಿನಿಂದ ರಸ್ತೆಗೆ ಎಂತದೂ ಆಗೂದಿಲ್ವಾ?" ಅಂತ ಒಬ್ಬ ಕೇಳಿದ. ಏನೂ ಆಗುವುದಿಲ್ಲ ಮಗನೇ. ಸೈಕಲು, ಸ್ಕೂಟರು, ರಿಕ್ಷಾ, ಕಾರು ಇವುಗಳಿಂದ ಡಾಮಾರು ರಸ್ತೆಗೆ ಆಗುವ ಸವೆತ ಲೆಕ್ಕಕ್ಕೇ ಬರುವುದಿಲ್ಲ. ರಸ್ತೆಯನ್ನು ತಿನ್ನುವುದು ಭಾರದ ಗಾಡಿಗಳು ಮತ್ತು ನೀರು. ಈ ಎರಡೂ ಒಟ್ಟಿಗೆ ಸೇರಿದರೆ ಮತ್ತೆ ಕೇಳುವುದೇ ಬೇಡ.

ನಮ್ಮ ದೇಶದಲ್ಲಿ ರಸ್ತೆ ವಿನ್ಯಾಸ ಮಾಡುವಾಗ 8.16 ಟನ್ನಿನ ಒಂದು ಆ್ಯಕ್ಸಲನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಹಿಂದೆ ಲಾರಿಯ ಹಿಂದಿನ ನಾಲ್ಕು ಟಯರಿನ ಆ್ಯಕ್ಸಲಿಗೆ 10.2 ಟನ್ ಮಿತಿ ಇತ್ತು. 2018ರ ಜುಲೈಯಲ್ಲಿ ಕೇಂದ್ರ ಸರಕಾರ ಅದನ್ನು 11.5 ಟನ್ನಿಗೆ ಏರಿಸಿತು. ಏರಿದ್ದು ಒಂದೂಕಾಲು ಟನ್ನಿನಷ್ಟು ಮಾತ್ರ. ಆದರೆ ಮೇಲಿನ ಲೆಕ್ಕ ಹಾಕಿದರೆ ಒಂದು ಸಲ ಹಾದು ಹೋಗುವಾಗ ಆಗುವ ಸವೆತ ಸುಮಾರು ಶೇ. 60ರಷ್ಟು ಜಾಸ್ತಿ. ರಾಷ್ಟ್ರೀಯ ಹೆದ್ದಾರಿಯನ್ನು ಅದಕ್ಕೆ ತಕ್ಕಂತೆ ದಪ್ಪ ಮಾಡಬಹುದು. ಮನೆಗಳ ಮಧ್ಯೆ ಹೋಗುವ ಹತ್ತಡಿಯ ಓಣಿಯನ್ನು ಯಾರು ದಪ್ಪ ಮಾಡುತ್ತಾರೆ?

ಈಗ ಕಸದ ಗಾಡಿಗೆ ಬರುವ. ಒಂದು ಉದಾಹರಣೆ ಇಟ್ಟುಕೊಳ್ಳಿ. ಮನೆ ಮನೆಗೆ ಬರುವ ಸಣ್ಣ ಟಿಪ್ಪರಿನ ಹಿಂದಿನ ಆ್ಯಕ್ಸಲಿನ ಮೇಲೆ ಒಂದು ಟನ್ ಭಾರ, ದೊಡ್ಡ ಕಸದ ಲಾರಿಯ ಹಿಂದಿನ ಆ್ಯಕ್ಸಲಿನ ಮೇಲೆ ಹತ್ತು ಟನ್. ಒಂದು ಸಲ ಹಾದು ಹೋದರೆ ದೊಡ್ಡದರಿಂದ ಆಗುವ ಸವೆತ ಸಣ್ಣದರ ಹತ್ತು ಸಾವಿರ ಪಟ್ಟು. "ದೊಡ್ಡ ಲಾರಿ ಒಂದೇ ಟ್ರಿಪ್ಪಿನಲ್ಲಿ ತಗೊಂಡು ಹೋಗ್ತದಲ್ಲ, ಸಣ್ಣದು ಹನ್ನೆರಡು ಸಲ ಬರಬೇಕಲ್ಲ" ಅಂತ ಕೇಳಬಹುದು. ಸರಿ, ಹನ್ನೆರಡು ಸಲ ಬರಲಿ. ಆಗಲೂ ದೊಡ್ಡ ಲಾರಿಯ ಒಂದು ಟ್ರಿಪ್ಪಿನಿಂದ ಆಗುವ ಸವೆತ ಎಂಟುನೂರು ಪಟ್ಟಿಗಿಂತ ಜಾಸ್ತಿ. ಇದು ಅಂದಾಜಿನ ಲೆಕ್ಕ, ರಸ್ತೆಯಿಂದ ರಸ್ತೆಗೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಆದರೆ ದಿಕ್ಕು ಬದಲಾಗುವುದಿಲ್ಲ.

ಮರಳು ಲಾರಿ, ಜಲ್ಲಿ ಟಿಪ್ಪರ್, ಮೀನಿನ ಕಂಟೇನರ್ ಲಾರಿ ಇವೆಲ್ಲ ಕಸದ ಲಾರಿಗಿಂತ ಜಾಸ್ತಿ ಓಡುತ್ತವೆ, ಬಡಪಾಯಿ ಕಸದ ಲಾರಿಯನ್ನು ಯಾಕೆ ಹಿಡಿಯುತ್ತೀರಿ ಅಂತ ಕೇಳುವವರೂ ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಎರಡು. ಮೊದಲನೆಯದು, ಜಲ್ಲಿ ಲಾರಿ ನಮ್ಮ ಓಣಿಗೆ ಬರುವುದು ಯಾರಾದರೂ ಮನೆ ಕಟ್ಟುವಾಗ ಮಾತ್ರ. ಕಸದ ಗಾಡಿ ವರ್ಷವಿಡೀ ಬರುತ್ತದೆ, ಬರಲೇಬೇಕು. ಅದು ನೇರ ಓಡುವ ಗಾಡಿಯೂ ಅಲ್ಲ. ಹತ್ತು ಮಾರಿಗೊಮ್ಮೆ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ತಿರುಗಿಸಲು ಜಾಗ ಇಲ್ಲದ ಕಡೆ ನಿಂತಲ್ಲೇ ಸ್ಟೇರಿಂಗ್ ತಿರುವುತ್ತದೆ, ರಿವರ್ಸ್ ಬರುತ್ತದೆ. ಬ್ರೇಕ್ ಹಾಕಿದಲ್ಲಿ, ಚಕ್ರ ತಿರುಚಿದಲ್ಲಿ ಡಾಮಾರಿನ ಜಲ್ಲಿ ಕಿತ್ತು ಬರುತ್ತದೆ. ಇಂಟರ್‌ಲಾಕ್ ಹಾಕಿದ ಕಡೆ ಕಲ್ಲು ಕುಸಿಯುತ್ತದೆ. ಚರಂಡಿಯ ಚಪ್ಪಡಿಯ ಮೇಲೆ ಚಕ್ರ ಹತ್ತಿದರೆ ಚಪ್ಪಡಿ ಒಡೆಯುತ್ತದೆ. ಕಸ ಒತ್ತಿ ತುಂಬುವ ಕಂಪ್ಯಾಕ್ಟರ್ ಲಾರಿಯಾದರೆ ಯಂತ್ರದ ತೂಕವೇ ಜಾಸ್ತಿ, ಖಾಲಿ ಇದ್ದಾಗಲೂ ಅದು ಭಾರದ ಗಾಡಿಯೇ.

ಎರಡನೆಯ ಉತ್ತರ ಮುಖ್ಯವಾದದ್ದು. ಜಲ್ಲಿ ಲಾರಿಯ ತೂಕ ಇಳಿಸುವುದು ನಮ್ಮ ಕೈಯಲ್ಲಿಲ್ಲ. ಕಸದ ಲಾರಿಯ ತೂಕ ಇಳಿಸುವುದು ನಮ್ಮ ಕೈಯಲ್ಲೇ ಉಂಟು. ಯಾಕೆಂದರೆ ಆ ಲಾರಿಯಲ್ಲಿ ಹೋಗುವುದರಲ್ಲಿ ದೊಡ್ಡ ಪಾಲು ಕಸವೇ ಅಲ್ಲ, ನೀರು.

ನಮ್ಮ ದೇಶದ ಪಟ್ಟಣಗಳ ಮನೆ ಕಸದಲ್ಲಿ ಹೆಚ್ಚು ಕಡಿಮೆ ಅರ್ಧ ಹಸಿ ಕಸ. ಹಣ್ಣಿನ ಸಿಪ್ಪೆ, ಸೊಪ್ಪಿನ ಕಡ್ಡಿ, ಬಂಗುಡೆ, ಬೂತಾಯಿಯ ತಲೆ, ಉಳಿದ ಅನ್ನ ಇವೆಲ್ಲದರಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಅಂದರೆ ಹತ್ತು ಟನ್ ಕಸ ಲಾರಿಯಲ್ಲಿ ಹೋದರೆ ಮೂರೂವರೆ, ನಾಲ್ಕು ಟನ್ ನೀರು ಹೋಯಿತು ಅಂತ ಲೆಕ್ಕ. ಬೊಂಡದ ಚಿಪ್ಪು ಬೇರೆ. ಮಳೆಗಾಲದಲ್ಲಿ ಮುಚ್ಚಳ ಇಲ್ಲದ ಬಕೆಟ್ಟು, ಟರ್ಪಾಲು ಇಲ್ಲದ ಗಾಡಿಯಾದರೆ ಆಕಾಶದ ನೀರೂ ಅದರಲ್ಲಿ ಸೇರುತ್ತದೆ. ಆ ನೀರಿಗೆ ಡೀಸೆಲ್ ಸುಡುತ್ತೇವೆ, ಡ್ರೈವರಿಗೆ ಸಂಬಳ ಕೊಡುತ್ತೇವೆ, ಅದನ್ನು ಹೊರುವ ರಸ್ತೆಯನ್ನು ಒಡೆಯುತ್ತೇವೆ. ಕೊನೆಗೆ ಆ ನೀರು ಘಟಕದಲ್ಲಿ ಕಪ್ಪಗೆ ಇಳಿದು ಯಾರದೋ ಬಾವಿಗೆ ಸೇರುತ್ತದೆ. ನಾವು ಅಡುಗೆ ಮನೆಯಲ್ಲೇ ನೀರು ಬಸಿದು, ಹಸಿ ಕಸವನ್ನು ತೋಟದಲ್ಲೇ ಇಟ್ಟುಕೊಂಡರೆ ಲಾರಿಯ ಹಿಂದಿನ ಆ್ಯಕ್ಸಲಿನ ಭಾರ ಹತ್ತು ಟನ್ನಿನಿಂದ ಏಳು ಟನ್ನಿಗೆ ಇಳಿಯಿತು ಅಂತ ಇಟ್ಟುಕೊಳ್ಳಿ. ಸವೆತ ಕಾಲು ಭಾಗಕ್ಕೆ ಇಳಿಯುತ್ತದೆ. ಭಾರ ಇಳಿದದ್ದು ಮೂರು ಟನ್, ರಸ್ತೆಗೆ ಉಳಿದದ್ದು ಮುಕ್ಕಾಲು ಪಾಲು. ಹೆಚ್ಚಿಸುವಾಗ ನಮಗೆ ವಿರುದ್ಧವಾದ ಆ ನಾಲ್ಕು ಸಲದ ಗುಣಾಕಾರ, ಇಳಿಸುವಾಗ ನಮ್ಮ ಪರವಾಗಿ ನಿಲ್ಲುತ್ತದೆ.

ಕೋಡಿಯಂಥ ಊರಿಗೆ ಇದು ಬೇರೆಯವರಿಗಿಂತ ಜಾಸ್ತಿ ಮುಖ್ಯ. ನಮ್ಮ ಪಡುವಣಕ್ಕೆ ಕಡಲು, ಮೂಡಣಕ್ಕೆ ಪಂಚಗಂಗಾವಳಿಯ ನೀರು, ಉತ್ತರಕ್ಕೆ ಗಂಗೊಳ್ಳಿಯ ಅಳಿವೆ. ನೆಲ ಮರಳು. ಒಂದಾಳು ತೋಡಿದರೆ ನೀರು ಸಿಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿ ಇದು. ಡಾಮಾರಿನಲ್ಲಿ ಭಾರಕ್ಕೆ ಒಂದು ಕೂದಲೆಳೆಯ ಬಿರುಕು ಬಿದ್ದರೆ ಸಾಕು, ಮಳೆ ನೀರು ಒಳಗೆ ಇಳಿಯುತ್ತದೆ, ಕೆಳಗಿನ ಜಲ್ಲಿ ಪದರ ಮೆತ್ತಗಾಗುತ್ತದೆ, ಮುಂದಿನ ಭಾರದ ಗಾಡಿ ಬಂದಾಗ ಅಲ್ಲೇ ಕುಸಿಯುತ್ತದೆ. ಜೂನಿನಲ್ಲಿ ಬಿರುಕು, ಜುಲೈಯಲ್ಲಿ ಗುಂಡಿ, ಆಗಸ್ಟಿನಲ್ಲಿ ಕೆರೆ. ಘಟ್ಟದ ಮೇಲಿನ ಗಟ್ಟಿ ನೆಲದ ರಸ್ತೆ ತಡೆದುಕೊಳ್ಳುವ ಭಾರವನ್ನು ನಮ್ಮ ಮರಳಿನ ಮೇಲಿನ ರಸ್ತೆ ತಡೆದುಕೊಳ್ಳುವುದಿಲ್ಲ. ಬೇರೆ ದಾರಿಗಳೂ ನಮಗೆ ಹೆಚ್ಚಿಲ್ಲ. ಮುಖ್ಯ ರಸ್ತೆ ಕೆಟ್ಟರೆ ಶಾಲೆಯ ಮಕ್ಕಳು, ಮೀನು ಮಾರುವ ಹೆಂಗಸರು, ಡಯಾಲಿಸಿಸ್‌ಗೆ ಹೋಗುವ ರೋಗಿ, ತುಂಬು ಗರ್ಭಿಣಿ ಎಲ್ಲರೂ ಅದೇ ಗುಂಡಿಯಲ್ಲಿ ಹೋಗಬೇಕು.

ಇದರ ಖರ್ಚು ಯಾರ ಮೇಲೆ? ಸ್ಥಳೀಯ ಆಡಳಿತಗಳಲ್ಲಿ ಕಸದ ಖರ್ಚಿಗೆ ಒಂದು ಲೆಕ್ಕ, ರಸ್ತೆಯ ಖರ್ಚಿಗೆ ಇನ್ನೊಂದು ಲೆಕ್ಕ. ಕಸದ ಲೆಕ್ಕದಲ್ಲಿ ಗಾಡಿ, ಡೀಸೆಲ್, ಸಂಬಳ ಇರುತ್ತದೆ. ಆ ಲೆಕ್ಕದಲ್ಲಿ ದೊಡ್ಡ ಲಾರಿಯೇ ಅಗ್ಗ ಅಂತ ಕಾಣುತ್ತದೆ: ಒಬ್ಬ ಡ್ರೈವರ್, ಒಂದು ಟ್ರಿಪ್ಪು. ಅದು ಒಡೆದ ರಸ್ತೆಯ ರಿಪೇರಿ ಇನ್ನೊಂದು ಪುಸ್ತಕದಲ್ಲಿ ಬರುತ್ತದೆ, ಅಲ್ಲಿ ಅದಕ್ಕೆ "ಮಳೆ ಹಾನಿ" ಅಂತ ಹೆಸರು. ಎರಡು ಪುಸ್ತಕವನ್ನು ಒಟ್ಟಿಗೆ ಬಿಚ್ಚಿಟ್ಟು ನೋಡದಿದ್ದರೆ ಅಗ್ಗ ಯಾವುದು, ದುಬಾರಿ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡೂ ಪುಸ್ತಕಕ್ಕೆ ಹಣ ಹೋಗುವುದು ನಮ್ಮ ಮನೆ ತೆರಿಗೆ, ಕಸದ ಶುಲ್ಕ ಮತ್ತು ಸರಕಾರದ ಅನುದಾನದಿಂದ. ಮೂರನೆಯ ಪುಸ್ತಕ ಒಂದು ಉಂಟು, ಅದನ್ನು ಯಾರೂ ಬರೆಯುವುದಿಲ್ಲ: ಸ್ಕೂಟರಿನ ಶಾಕ್ ಅಬ್ಸಾರ್ಬರ್, ರಿಕ್ಷಾದವರ ಸೊಂಟ ನೋವು, ಗುಂಡಿ ತಪ್ಪಿಸಲು ಹೋಗಿ ಬಿದ್ದವರ ಆಸ್ಪತ್ರೆ ಬಿಲ್ಲು.

ಭಾರದ ಲಾರಿಗಳು ಹೋಗಿ ನಿಲ್ಲುವ ಊರಿನವರ ಕಷ್ಟವನ್ನೂ ನೆನೆಯಬೇಕು. ಬೆಂಗಳೂರಿನ ಕಸ ಹೊತ್ತು ಸಾಲು ಸಾಲು ಲಾರಿ ಹೋಗುತ್ತಿದ್ದ ಮಂಡೂರಿನ ಜನ ವರ್ಷಗಟ್ಟಲೆ ಹೋರಾಡಿ 2014ರ ಕೊನೆಗೆ ಅದನ್ನು ನಿಲ್ಲಿಸಿದರು. ನಮ್ಮದೇ ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡೆ ಜರಿದು ಮಂದಾರದ ಮನೆ, ತೋಟ, ದೈವಸ್ಥಾನದ ಮೇಲೆ ಹರಿಯಿತು. 27 ಕುಟುಂಬಗಳು ತಲೆತಲಾಂತರದ ಜಾಗ ಬಿಟ್ಟು ಹೊರಟವು. ಆ ಗುಡ್ಡೆ ಒಂದು ದಿನದಲ್ಲಿ ಆದದ್ದಲ್ಲ. ಹಸಿ, ಒಣ ಬೇರೆ ಮಾಡದೆ ಕೊಟ್ಟ ಒಂದೊಂದು ಬಕೆಟ್ ಸೇರಿ ಆದದ್ದು. ಕಸ ನಮ್ಮ ಕಣ್ಣಿಂದ ದೂರ ಹೋದ ಮಾತ್ರಕ್ಕೆ ನಮ್ಮ ಹೊಣೆ ದೂರ ಹೋಗುವುದಿಲ್ಲ.

ಒಳ್ಳೆಯ ದಾರಿ ತೋರಿಸಿದವರೂ ನಮ್ಮ ಹತ್ತಿರವೇ ಇದ್ದಾರೆ. ಕುಂದಾಪುರ ತಾಲೂಕಿನ ವಂಡ್ಸೆ ಗ್ರಾಮ ಪಂಚಾಯತ್ ಎಸ್‌ಎಲ್‌ಆರ್‌ಎಂ ಘಟಕ ಮಾಡಿ ಕಸವನ್ನು ಊರಲ್ಲೇ ವಿಂಗಡಿಸಿ ಸಂಪನ್ಮೂಲ ಮಾಡುವುದನ್ನು ರಾಜ್ಯಕ್ಕೇ ತೋರಿಸಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಣ ಕಸ ವಿಂಗಡಣೆಯ ಎಂಆರ್‌ಎಫ್ ಘಟಕ ಉಂಟು, ಸುತ್ತಲಿನ ಹಲವಾರು ಪಂಚಾಯತ್‌ಗಳ ಒಣ ಕಸ ಅಲ್ಲಿಗೆ ಹೋಗುತ್ತದೆ. ಇದರಲ್ಲಿ ಒಂದು ಸರಳ ವಿವೇಕ ಉಂಟು ನೋಡಿ. ಒಣ ಕಸ ಹಗುರ, ಕೊಳೆಯುವುದಿಲ್ಲ, ವಾರ ಇಟ್ಟುಕೊಂಡು ದೂರ ಸಾಗಿಸಬಹುದು. ಹಸಿ ಕಸ ಭಾರ, ಎರಡೇ ದಿನದಲ್ಲಿ ನಾರುತ್ತದೆ, ಅದನ್ನು ದೂರ ಸಾಗಿಸಲೇಬಾರದು.

ನಮ್ಮ ದೀನಿನಲ್ಲಿ ಈ ವಿಷಯಕ್ಕೆ ಜಾಗ ಉಂಟಾ ಅಂತ ಕೇಳಿದರೆ, ಬೇಕಾದಷ್ಟು ಉಂಟು. ದಾರಿಯಲ್ಲಿ ಜನರಿಗೆ ತೊಂದರೆ ಕೊಡುವುದನ್ನು ತೆಗೆದು ಹಾಕುವುದು ಈಮಾನಿನ ಒಂದು ಕವಲು ಎಂದು ಪ್ರವಾದಿ (ಸ.ಅ.) ಕಲಿಸಿದ್ದನ್ನು ನಾವು ಒಂದನೇ ತರಗತಿಯ ಮಕ್ಕಳಿಗೂ ಹೇಳಿಕೊಡುತ್ತೇವೆ. ಮುಳ್ಳು ತೆಗೆಯುವುದು, ಕಲ್ಲು ಸರಿಸುವುದು ಅಂತ ಉದಾಹರಣೆ ಕೊಡುತ್ತೇವೆ. ದಾರಿಯನ್ನೇ ಗುಂಡಿ ಮಾಡುವ ಭಾರವನ್ನು ಕಡಿಮೆ ಮಾಡುವುದೂ ಅದರಲ್ಲೇ ಸೇರಿತಲ್ಲ? ದೂರದ ಇರಾಕಿನಲ್ಲಿ ಒಂದು ಪ್ರಾಣಿ ಎಡವಿ ಬಿದ್ದರೂ, ಅದಕ್ಕೆ ದಾರಿ ಸಮ ಮಾಡಿಕೊಡಲಿಲ್ಲ ಯಾಕೆ ಅಂತ ತನ್ನನ್ನು ಅಲ್ಲಾಹನು ಕೇಳಿಯಾನು ಎಂದು ಖಲೀಫಾ ಉಮರ್ (ರ.ಅ.) ಹೆದರುತ್ತಿದ್ದರೆಂಬ ಮಾತು ಪ್ರಸಿದ್ಧ. ಈ ಮಾತನ್ನು ನಾವು ಆಳುವವರಿಗೆ ಹೇಳಲು ಇಷ್ಟಪಡುತ್ತೇವೆ. ಹೇಳಲೂ ಬೇಕು. ಆದರೆ ರಸ್ತೆ ಎಲ್ಲರ ಅಮಾನತ್, ಎಲ್ಲ ಜಾತಿ ಧರ್ಮದವರು ನಡೆಯುವಂಥದ್ದು. ಅದನ್ನು ಕೆಡಿಸಿದರೆ ಅದು ಹಕ್ಕುಲ್ ಇಬಾದ್, ಮನುಷ್ಯರ ಹಕ್ಕಿನ ವಿಷಯ. ಇದರಲ್ಲಿ ಆಳುವವರಿಗೆ ಒಂದು ಪಾಲು, ನಮಗೆ ಒಂದು ಪಾಲು.

ನಮ್ಮ ಪಾಲು ಮನೆಯಿಂದ ಶುರು. ಉಮ್ಮಂದಿರಿಗೆ, ಸಹೋದರಿಯರಿಗೆ ಮಾತ್ರ ಹೇಳಿ ಗಂಡಸರು ಕೈ ತೊಳೆದುಕೊಳ್ಳುವ ಕೆಲಸ ಅಲ್ಲ ಇದು. ಅಂಗಳ ಇದ್ದವರಿಗೆ ತೆಂಗಿನ ಬುಡ ಇದ್ದೇ ಉಂಟು. ಎರಡಡಿ ಗುಂಡಿ ತೋಡಿ ಹಸಿ ಕಸ ಹಾಕಿ, ಮೇಲೆ ಒಣ ತರಗೆಲೆ, ಮಣ್ಣು ಮುಚ್ಚಿದರೆ ವಾಸನೆಯೂ ಬರುವುದಿಲ್ಲ, ನಾಯಿಯೂ ಎಳೆಯುವುದಿಲ್ಲ. ಮೀನಿನ ಕಸಕ್ಕೆ ಸ್ವಲ್ಪ ಆಳ ಬೇಕು, ಮಣ್ಣು ಸ್ವಲ್ಪ ಜಾಸ್ತಿ ಬೇಕು. ಬಾವಿಯಿಂದ ದೂರ ತೋಡಬೇಕು, ನಮ್ಮದು ಮರಳು ನೆಲ. ಮೂರು, ನಾಲ್ಕು ಸೆಂಟ್ಸಿನ ಮನೆಯವರು, ಬಾಡಿಗೆಯವರು "ನಮಗೆ ಜಾಗ ಎಲ್ಲಿ ಉಸ್ತಾದ್?" ಅಂತ ಕೇಳುತ್ತಾರೆ. ಅವರಿಗೆ ಪೈಪ್ ಕಾಂಪೋಸ್ಟ್ ಆಗುತ್ತದೆ, ಇಲ್ಲವೇ ನಾಲ್ಕು ಮನೆಗೆ ಒಂದು ಗುಂಡಿ ಆಗುತ್ತದೆ. ಅದೂ ಆಗದಿದ್ದರೆ ಕಡಿಮೆ ಪಕ್ಷ ನೀರು ಬಸಿದು, ಹಸಿ ಬೇರೆ ಒಣ ಬೇರೆ ಮಾಡಿ, ಮುಚ್ಚಳ ಇರುವ ಬಕೆಟಿನಲ್ಲಿ ಕೊಡಿ. ಅದನ್ನು ಎತ್ತಿ ಗಾಡಿಗೆ ಸುರಿಯುವ ಪೌರಕಾರ್ಮಿಕರ ಬೆನ್ನೂ ಉಳಿಯುತ್ತದೆ.

ಜಮಾಅತಿನ ಪಾಲು ಇನ್ನೂ ದೊಡ್ಡದು. ನಮ್ಮ ಕಸ ಅತಿ ಭಾರ ಆಗುವುದು ಮದುವೆ, ನೇರ್ಚೆ, ಉರೂಸ್ ಮತ್ತು ಬಕ್ರೀದ್‌ನಲ್ಲಿ. ತಟ್ಟೆಯಲ್ಲಿ ಅರ್ಧ ಬಿಟ್ಟ ಬಿರಿಯಾನಿ, ಅರ್ಧ ಕುಡಿದ ನೀರಿನ ಬಾಟಲಿ. ಆ ಬಾಟಲಿಯ ನೀರು ಕೂಡ ಲಾರಿ ಹತ್ತಿ ಹೋಗುತ್ತದೆ. ಇಸ್ರಾಫ್ ಮಾಡಬೇಡಿ ಎಂದು ಮಿಂಬರಿನಿಂದ ಕೇಳಿದ ಮೇಲೆ ಊಟದ ಹಂದರಕ್ಕೆ ಬಂದು ಮಾಡುವುದು ಅದನ್ನೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಒಂದು ಮಾತು ಇತ್ತು: ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನರ ಕಾರ್ಯಕ್ರಮ ಮಾಡುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು, ಕಸವನ್ನು ಬೇರೆ ಮಾಡಿ ಕೊಡಬೇಕು. ನಿಖಾಹ್ ದಾಖಲೆ ಮಾಡುವಾಗ ಜಮಾಅತ್ ಕಮಿಟಿ ಈ ಒಂದು ಮಾತು ಮನೆಯವರಿಗೆ ನೆನಪು ಮಾಡಿದರೆ ಸಾಕು. ಖುರ್ಬಾನಿಯ ಉಳಿಕೆಯನ್ನು ಹೂಳಲು ಜಮಾಅತ್ ಮೊದಲೇ ಒಂದು ಜಾಗ ಗೊತ್ತು ಮಾಡಿದರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು. ಗಾಳಿ ಮತ್ತು ಬಿಸಿಲಿನಿಂದ ಕರೆಂಟ್ ಮಾಡುವ ಮಸೀದಿ ಕಟ್ಟಿದ ಊರು ಇದು. ಬದ್ರಿಯಾ ಜುಮ್ಮಾ ಮಸೀದಿಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅಂಥ ಊರಿನವರಿಗೆ ಒಂದು ಕಾಂಪೋಸ್ಟ್ ಗುಂಡಿ ಕಷ್ಟದ ಕೆಲಸ ಅಲ್ಲ.

ಇನ್ನು ಪುರಸಭೆಯವರಲ್ಲಿ ಕೇಳಬೇಕಾದ್ದನ್ನು ಗಟ್ಟಿಯಾಗಿಯೇ ಕೇಳುವ. ಓಣಿಗಳ ಒಳಗೆ ಸಣ್ಣ ಗಾಡಿ ಮಾತ್ರ ಬರಲಿ, ದೊಡ್ಡ ಲಾರಿ ಗಟ್ಟಿ ರಸ್ತೆಯ ಬದಿಯಲ್ಲಿ ಒಂದು ಜಾಗದಲ್ಲಿ ನಿಂತು ಅವುಗಳಿಂದ ತುಂಬಿಸಿಕೊಳ್ಳಲಿ. ಹೀಗೆ ಮಾಡಿದರೆ ಡೀಸೆಲ್ ಉಳಿತಾಯವೂ ಆಗುತ್ತದೆ, ಓಣಿಯೂ ಉಳಿಯುತ್ತದೆ. ಮಳೆಗಾಲದಲ್ಲಿ ಎಲ್ಲ ಕಸದ ಗಾಡಿಗೂ ಮುಚ್ಚಿಗೆ ಇರಲಿ. ಘಟಕಕ್ಕೆ ಹೋಗುವ ಲಾರಿಗಳ ತೂಕದ ಚೀಟಿ ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಬರಲಿ. 2019ರ ಮೋಟಾರು ವಾಹನ ತಿದ್ದುಪಡಿಯ ನಂತರ ಮಿತಿ ಮೀರಿ ಭಾರ ಹೇರಿದರೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ಆ ಕಾನೂನು ಜಲ್ಲಿ ಲಾರಿಗೆ ಒಂದು, ಕಸದ ಲಾರಿಗೆ ಒಂದು ಅಂತ ಇಲ್ಲ. ಹೊಸ ಗಾಡಿ ಖರೀದಿಸುವಾಗ, ಟೆಂಡರ್ ಕರೆಯುವಾಗ ಬೆಲೆಯ ಜೊತೆ ಆ್ಯಕ್ಸಲ್ ಭಾರವನ್ನೂ ನೋಡಲಿ. ಕಸ ಸಾಗಣೆಯ ವಾರ್ಷಿಕ ಖರ್ಚು ಲೆಕ್ಕ ಹಾಕುವಾಗ ಆ ದಾರಿಯ ರಿಪೇರಿ ಖರ್ಚನ್ನೂ ಅದರ ಪಕ್ಕದಲ್ಲೇ ಬರೆಯಲಿ. ಹೀಗೆ ಬರೆದ ದಿನ, ಹಸಿ ಕಸವನ್ನು ವಾರ್ಡಿನಲ್ಲೇ ಗೊಬ್ಬರ ಮಾಡುವ ಯೋಜನೆ ದುಬಾರಿ ಅಂತ ಯಾರೂ ಹೇಳಲಿಕ್ಕಿಲ್ಲ.

"ನಾವು ತೆರಿಗೆ ಕಟ್ಟುತ್ತೇವೆ, ಕಸ ತಗೊಂಡು ಹೋಗುವುದು ಅವರ ಕೆಲಸ" ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಹೌದು, ಅವರ ಕೆಲಸವೇ. ಆದರೆ ಕಟ್ಟಿದ ತೆರಿಗೆ ಹೊಸ ಅಂಗನವಾಡಿಗೆ, ಚರಂಡಿಗೆ, ಬೀದಿ ದೀಪಕ್ಕೆ ಹೋಗಬೇಕಾ, ಅಥವಾ ಅದೇ ಗುಂಡಿಗೆ ವರ್ಷ ವರ್ಷ ತೇಪೆ ಹಾಕಲು ಹೋಗಬೇಕಾ ಎಂಬುದನ್ನು ತೀರ್ಮಾನ ಮಾಡುವುದು ನಾವು. ಬಕೆಟಿನಲ್ಲಿ ಎಂತ ಹಾಕುತ್ತೇವೆ ಎಂಬುದರ ಮೇಲೆ ಅದು ನಿಂತಿದೆ.

ಮಳೆ ನಿಂತ ಮೇಲೆ ರಸ್ತೆಗೆ ಮತ್ತೆ ಡಾಮಾರು ಬೀಳುತ್ತದೆ. ಅದಕ್ಕೆ ಮೊದಲು ಪ್ರತಿ ಮಹಲ್ಲಾದಿಂದ ನಾಲ್ಕು ಜನ, ಹೆಂಗಸರೂ ಸೇರಿ, ವಾರ್ಡಿನ ಸದಸ್ಯರ ಹತ್ತಿರ ಹೋಗಿ ಮೇಲಿನ ಮಾತುಗಳನ್ನು ಬರಹದಲ್ಲಿ ಕೊಡಬೇಕು. ಕೊಡುವವರು ತಮ್ಮ ಮನೆಯಲ್ಲಿ ಗುಂಡಿ ತೋಡಿಯೇ ಹೋಗಬೇಕು. ಆಗ ಕೇಳುವ ಧ್ವನಿಗೂ ಬಲ ಇರುತ್ತದೆ.